ಮೂರ್ಮೂರ್ಲ ಒಂಬತ್ತು, ಆದರೆ ಗ್ಲೂವಾನ್ ಮಾತ್ರ ಎಂಟು

ಪ್ರಶ್ನೆ: ಮೇಷ್ಟ್ರೇ, ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಟೊಮೆಟೊ ಬೆಳೆದು ಕೋಲಾರದ ಮಂಡಿಗೆ ಹಾಕುತ್ತೇನೆ. ಮಗಳು ಎರಡನೇ ಪಿಯುಸಿ. ಪ್ರೋಟಾನ್ ಒಳಗೆ ಕ್ವಾರ್ಕ್ ಇವೆ, ಅವಕ್ಕೆ ಕೆಂಪು, ಹಸಿರು, ನೀಲಿ ಬಣ್ಣ ಇದೆ, ಗ್ಲೂವಾನ್ ಅನ್ನೋ ಕಣ ಅವನ್ನು ಅಂಟಿಸಿ ಹಿಡಿದಿದೆ ಅಂತ ಎಲ್ಲೋ ಓದಿದ್ದಾಳೆ. ಮೂರು ಬಣ್ಣ, ಅವಕ್ಕೆ ಮೂರು ಎದುರು ಬಣ್ಣ ಅಂದರೆ ಮೂರ್ಮೂರ್ಲ ಒಂಬತ್ತು ಗ್ಲೂವಾನ್ ಇರಬೇಕಲ್ವಾ, ಪುಸ್ತಕದಲ್ಲಿ ಎಂಟು ಅಂತ ಯಾಕಿದೆ ಅಂತ ಕೇಳುತ್ತಾಳೆ. ಆ ಬಣ್ಣ ಕಣ್ಣಿಗೆ ಕಾಣುತ್ತಾ? ಒಂದೇ ಒಂದು ಕ್ವಾರ್ಕನ್ನು ಹೊರಗೆ ತೆಗೆಯೋಕೆ ಯಾಕೆ ಆಗಲ್ಲ? ಇನ್ನೊಂದು ನನ್ನ ಪ್ರಶ್ನೆ. ಕೆಜಿಎಫ್ ಗಣಿಯೊಳಗೆ ಪ್ರೋಟಾನ್ ಒಡೆಯುತ್ತಾ ಅಂತ ವಿಜ್ಞಾನಿಗಳು ಕಾಯುತ್ತಿದ್ದರಂತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನಿಮ್ಮ ಮಗಳು ಲೆಕ್ಕ ಹಾಕಿದ್ದಾಳೆ, ಲೆಕ್ಕ ಕೂಡಲಿಲ್ಲ ಅಂತ ನಿಂತಿದ್ದಾಳೆ. ತುಂಬಾ ಜನ ಅಲ್ಲಿ ನಿಲ್ಲುವುದೇ ಇಲ್ಲ. ಎಂಟು ಅಂತ ಬಾಯಿಪಾಠ ಮಾಡಿಕೊಂಡು ಮುಂದೆ ಹೋಗಿಬಿಡುತ್ತಾರೆ. ಹಾಗಾಗಿ ಈ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆಳಕಿನ ಕಣ ಫೋಟಾನ್. ಎಲೆಕ್ಟ್ರಾನಿಗೂ ಪ್ರೋಟಾನಿಗೂ ನಡುವೆ ಸೆಳೆತ ಹುಟ್ಟಿಸುವುದು ಅದೇ. ಆದರೆ ಫೋಟಾನಿಗೆ ತನ್ನದು ಅಂತ ಯಾವ ಚಾರ್ಜೂ ಇಲ್ಲ. ಅದು ಊರಿನ ಕಾಗದ ಹಂಚುವ ಪೋಸ್ಟ್‌ಮ್ಯಾನ್ ಇದ್ದ ಹಾಗೆ, ಕಾಗದದ ವ್ಯವಹಾರ ಅವನದಲ್ಲ. ಗ್ಲೂವಾನ್ ಹಾಗಲ್ಲ. ಅದು ಹಂಚುವುದೂ ಬಣ್ಣವನ್ನೇ, ಹೊತ್ತಿರುವುದೂ ಬಣ್ಣವನ್ನೇ. ನಿಮ್ಮ ಮಗಳ ಎಂಟು, ಹೊರಗೆ ಬಾರದ ಕ್ವಾರ್ಕ್, ಎರಡೂ ಇದೊಂದರಿಂದಲೇ ಬರುತ್ತವೆ.

ಮೊದಲು ಬಣ್ಣದ ವಿಷಯ. ಇದು ಕಣ್ಣಿಗೆ ಕಾಣುವ ಬಣ್ಣ ಅಲ್ಲವೇ ಅಲ್ಲ. ಹಸಿರು ಬೆಳಕಿನ ಒಂದು ಅಲೆ ಸುಮಾರು 500 ನ್ಯಾನೋಮೀಟರ್ ಉದ್ದ. ಅಷ್ಟು ಉದ್ದದಲ್ಲಿ ಪ್ರೋಟಾನ್‌ಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು 30 ಕೋಟಿ ಹಿಡಿಯುತ್ತವೆ. ಅಷ್ಟು ಸಣ್ಣ ವಸ್ತುವಿನ ಒಳಗೆ ಕೆಂಪು, ಹಸಿರು ಅನ್ನುವ ಮಾತಿಗೆ ಅರ್ಥವೇ ಇಲ್ಲ. ವಿದ್ಯುತ್ತಿಗೆ ಪ್ಲಸ್, ಮೈನಸ್ ಅಂತ ಒಂದು ಬಗೆಯ ಚಾರ್ಜ್ ಇದೆಯಲ್ಲ, ಕ್ವಾರ್ಕ್‌ಗಳ ಲೋಕದಲ್ಲಿ ಅಂಥದ್ದೇ ಇನ್ನೊಂದು ಚಾರ್ಜ್ ಇದೆ. ಅದು ಮೂರು ಬಗೆ. ಮೂರಕ್ಕೆ ಹೆಸರು ಬೇಕಾಗಿತ್ತು, ಬಣ್ಣದ ಹೆಸರು ಇಟ್ಟರು, ಅಷ್ಟೇ.

ಹಾಗಾದರೆ ಬಣ್ಣದ ಹೆಸರೇ ಯಾಕೆ ಚೆನ್ನಾಗಿ ಹೊಂದಿತು? ಹಳ್ಳಿ ಶಾಲೆಗಳಿಗೆ ಹೋಗುವಾಗ ನಾನು ಮೂರು ಟಾರ್ಚ್ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಮೂತಿಗೆ ಕೆಂಪು, ಹಸಿರು, ನೀಲಿ ಜಿಲೆಟಿನ್ ಪೇಪರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಕಿಟಕಿ ಮುಚ್ಚಿಸಿ, ಸುಣ್ಣ ಹೊಡೆದ ಗೋಡೆಯ ಮೇಲೆ ಮೂರನ್ನೂ ಒಂದೇ ಕಡೆ ಬಿಟ್ಟರೆ ಹೆಚ್ಚುಕಡಿಮೆ ಬಿಳಿ ಬೆಳಕು ಬೀಳುತ್ತದೆ. ಮಕ್ಕಳು ಓ ಅನ್ನುತ್ತಾರೆ. ಒಂದು ಸಲ ಒಬ್ಬ ಹುಡುಗ ಓಡಿ ಬಂದು ಬೆಳಕಿಗೆ ಬೆರಳು ಅಡ್ಡ ಇಟ್ಟ. ಗೋಡೆಯ ಮೇಲೆ ಕಪ್ಪು ನೆರಳು ಬೀಳಲಿಲ್ಲ. ಮೂರು ಬೆರಳಿನ ಬಣ್ಣಬಣ್ಣದ ನೆರಳು! ಒಂದು ಆಕಾಶದ ಹಸಿರು-ನೀಲಿ, ಒಂದು ಗುಲಾಬಿ, ಒಂದು ಹಳದಿ. ಕೆಂಪು ಟಾರ್ಚಿಗೆ ಅಡ್ಡ ಬಂದ ಕಡೆ ಹಸಿರೂ ನೀಲಿಯೂ ಮಾತ್ರ ಉಳಿದು ಆ ಹಸಿರು-ನೀಲಿ ಆಯಿತು. ಅದನ್ನು "ಎದುರು ಕೆಂಪು" ಅನ್ನಿ. ಹಸಿರಿಗೆ ಅಡ್ಡ ಬಂದರೆ ಗುಲಾಬಿ, ನೀಲಿಗೆ ಅಡ್ಡ ಬಂದರೆ ಹಳದಿ. ಪ್ರಕೃತಿಯಲ್ಲೂ ಇದೇ ಲೆಕ್ಕ. ಕೆಂಪು, ಹಸಿರು, ನೀಲಿ ಮೂರು ಕ್ವಾರ್ಕ್ ಸೇರಿದರೆ ಬಿಳಿ, ಅಂದರೆ ಬಣ್ಣದ ಚಾರ್ಜ್ ಒಟ್ಟು ಸೊನ್ನೆ. ಅದು ಪ್ರೋಟಾನ್ ಅಥವಾ ನ್ಯೂಟ್ರಾನ್. ಕೆಂಪು ಕ್ವಾರ್ಕಿನ ಜೊತೆ ಎದುರು ಕೆಂಪಿನ ಆಂಟಿಕ್ವಾರ್ಕ್ (ಕ್ವಾರ್ಕಿನ ಹಾಗೇ ಇದ್ದು ಚಾರ್ಜ್ ಎಲ್ಲ ಉಲ್ಟಾ ಇರುವ ಕಣ) ಸೇರಿದರೂ ಬಿಳಿ. ಅಂಥ ಜೋಡಿಗೆ ಮೆಸಾನ್ ಅನ್ನುತ್ತಾರೆ. ಹಸಿರೂ ನೀಲಿಯೂ ಸೇರಿದ ಎರಡು ಕ್ವಾರ್ಕ್, ಮೂರನೆಯ ಕೆಂಪು ಕ್ವಾರ್ಕಿಗೆ "ಎದುರು ಕೆಂಪಿ"ನ ಹಾಗೆಯೇ ಕಾಣಬಲ್ಲವು. ಆ ಹುಡುಗನ ಬೆರಳಿನ ನೆರಳು ಇದನ್ನೇ ತೋರಿಸಿತು.

ಇಲ್ಲದ ಬಣ್ಣವನ್ನು ಸುಮ್ನೆ ತಂದು ಅಂಟಿಸಿದರು ಅಂತ ನಿಮ್ಮ ಮಗಳಿಗೆ ಅನ್ನಿಸಬಹುದು. ಹಾಗಲ್ಲ, ಅದಿಲ್ಲದೆ ದಾರಿಯೇ ಇರಲಿಲ್ಲ. 1964ರಲ್ಲಿ ಗೆಲ್-ಮನ್ ಮತ್ತು ಜ್ವೈಗ್ ಅನ್ನುವ ಭೌತವಿಜ್ಞಾನಿಗಳು ಇಬ್ಬರೂ ಬೇರೆ ಬೇರೆಯಾಗಿ ಕ್ವಾರ್ಕ್ ಅನ್ನುವ ಆಲೋಚನೆ ಮುಂದಿಟ್ಟರು. ಅದೇ ವರ್ಷ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಒಮೆಗಾ ಮೈನಸ್ ಅನ್ನುವ ಕಣ ಸಿಕ್ಕಿತು. ಅದರಲ್ಲಿ ಇರುವುದು ಮೂರೂ ಒಂದೇ ಜಾತಿಯ ಕ್ವಾರ್ಕ್, ಮೂರೂ ಒಂದೇ ದಿಕ್ಕಿಗೆ ಗಿರಕಿ. ಇಲ್ಲೇ ತಕರಾರು. ಇಂಥ ಎರಡು ಕಣಗಳು ಎಲ್ಲದರಲ್ಲೂ ಒಂದೇ ಆಗಿರಬಾರದು ಅಂತ ಪೌಲಿಯ ನಿಯಮ ಇದೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದ ಮೂವರ ಟಿಕೆಟ್ಟಿನಲ್ಲೂ ಸೀಟ್ ನಂಬರ್ 24 ಅಂತಿದೆ, ಆದರೂ ಮೂವರೂ ಆರಾಮಾಗಿ ಕೂತಿದ್ದಾರೆ ಅಂದರೆ ಏನರ್ಥ? ಬೋಗಿ ಬೇರೆ ಬೇರೆ ಇರಬೇಕು. ಆ ಬೋಗಿಯೇ ಬಣ್ಣ. ಗ್ರೀನ್‌ಬರ್ಗ್ 1964ರಲ್ಲಿ, ಹಾನ್ ಮತ್ತು ನಂಬು 1965ರಲ್ಲಿ ಇದನ್ನು ಬೇರೆ ಬೇರೆ ರೂಪದಲ್ಲಿ ಹೇಳಿದರು.

ಬೋಗಿ ಮೂರೇ ಅಂತ ಎಣಿಸಿಯೂ ನೋಡಿದ್ದಾರೆ. ಎಲೆಕ್ಟ್ರಾನಿಗೆ ಪಾಸಿಟ್ರಾನ್ (ಪ್ಲಸ್ ಚಾರ್ಜಿನ ಎಲೆಕ್ಟ್ರಾನ್ ಅನ್ನಿ) ಡಿಕ್ಕಿ ಹೊಡೆಸಿದರೆ ಕೆಲವು ಸಲ ಮ್ಯೂಆನ್ (ಎಲೆಕ್ಟ್ರಾನಿನ ಭಾರದ ಅಣ್ಣ) ಜೋಡಿ ಹುಟ್ಟುತ್ತದೆ, ಕೆಲವು ಸಲ ಕ್ವಾರ್ಕ್ ಜೋಡಿ. ಕಡಿಮೆ ಶಕ್ತಿಯಲ್ಲಿ ಹಗುರವಾದ ಮೂರು ಜಾತಿಯ ಕ್ವಾರ್ಕ್ ಮಾತ್ರ ಹುಟ್ಟಬಲ್ಲವು. ಎಲೆಕ್ಟ್ರಾನಿನ ಚಾರ್ಜಿಗೆ ಹೋಲಿಸಿದರೆ ಅವುಗಳ ವಿದ್ಯುತ್ ಚಾರ್ಜ್ 2/3, 1/3, 1/3. ಒಂದೊಂದನ್ನೂ ವರ್ಗ ಮಾಡಿ ಕೂಡಿದರೆ 4/9, 1/9, 1/9, ಒಟ್ಟು 2/3. ಬಣ್ಣ ಇಲ್ಲದಿದ್ದರೆ ಕ್ವಾರ್ಕ್ ಜೋಡಿಗೂ ಮ್ಯೂಆನ್ ಜೋಡಿಗೂ ಇರುವ ಅನುಪಾತ ಇಷ್ಟೇ ಬರಬೇಕು. ಮೂರು ಬಣ್ಣ ಇದ್ದರೆ ಮೂರು ಪಟ್ಟು, ಅಂದರೆ 2. ಅಳೆದಾಗ ಬಂದದ್ದು 2ರ ಆಸುಪಾಸು. ಈ ಲೆಕ್ಕವನ್ನು ಮಗಳ ಕೈಯಲ್ಲೇ ಮಾಡಿಸಿ, ಪಿಯುಸಿ ಗಣಿತ ಸಾಕು.

ಈಗ ಎಂಟು. ಗ್ಲೂವಾನ್ ಕೆಲಸ ಕ್ವಾರ್ಕಿನ ಬಣ್ಣ ಬದಲಾಯಿಸುವುದು. ಕೆಂಪು ಕ್ವಾರ್ಕ್ ಒಂದು ಗ್ಲೂವಾನ್ ಬಿಟ್ಟು ಹಸಿರು ಆಯಿತು ಅಂದುಕೊಳ್ಳಿ. ಹೋದ ಗ್ಲೂವಾನ್ ಕೆಂಪನ್ನು ಹೊತ್ತುಕೊಂಡು ಹೋಗಬೇಕು, ಬಂದ ಹಸಿರಿಗೆ ಸರಿದೂಗಿಸಲು ಎದುರು ಹಸಿರನ್ನೂ ಹೊರಬೇಕು. ಹೀಗೆ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವ ದಾರಿಗಳು ಆರು. ಕೆಂಪಿನಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ, ಹೀಗೆ. ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ. ಇನ್ನು ಉಳಿದವು ಮೂರು: ಕೆಂಪು–ಎದುರು ಕೆಂಪು, ಹಸಿರು–ಎದುರು ಹಸಿರು, ನೀಲಿ–ಎದುರು ನೀಲಿ. ಇವು ಬಣ್ಣ ಬದಲಾಯಿಸುವುದಿಲ್ಲ. ನಿಮ್ಮ ಮಗಳ ಒಂಬತ್ತು ಇಲ್ಲೇ ಎಂಟಾಗುವುದು.

ಎಷ್ಟೋ ಕಡೆ ಈ ಮೂರರಲ್ಲಿ ಒಂದನ್ನು ತೆಗೆದುಹಾಕಿ ಅಂತ ಬರೆದಿರುತ್ತಾರೆ. ಅದು ತಪ್ಪು. ಯಾವುದನ್ನು ತೆಗೆಯುತ್ತೀರಿ? ಮೂರೂ ಬಣ್ಣ ಸಮ, ಒಂದರ ಮೇಲೆ ಮಾತ್ರ ಪಕ್ಷಪಾತ ಮಾಡುವ ಹಾಗಿಲ್ಲ. ಹೀಗೆ ಯೋಚಿಸಿ. ಮೂವರು ಅಣ್ಣತಮ್ಮಂದಿರಿಗೆ ಜಮೀನು ಪಾಲಾಗಿದೆ. ಅವರ ಜಗಳ ಎಲ್ಲ ಯಾರಿಗೆ ಯಾರಿಗಿಂತ ಜಾಸ್ತಿ ಬಂತು ಅನ್ನುವುದರ ಮೇಲೆ. ದೊಡ್ಡವನಿಗೂ ನಡುವಿನವನಿಗೂ ಇರುವ ವ್ಯತ್ಯಾಸ ಒಂದು. ನಡುವಿನವನಿಗೂ ಚಿಕ್ಕವನಿಗೂ ಇರುವ ವ್ಯತ್ಯಾಸ ಇನ್ನೊಂದು. ಈ ಎರಡು ಗೊತ್ತಾದರೆ ದೊಡ್ಡವನಿಗೂ ಚಿಕ್ಕವನಿಗೂ ಇರುವ ವ್ಯತ್ಯಾಸ ತಾನೇ ಸಿಗುತ್ತದೆ. ಮೂವರಿಗೂ ತಲಾ ಹತ್ತು ಗುಂಟೆ ಸೇರಿಸಿದರೆ? ಜಗಳ ಇದ್ದಲ್ಲೇ ಇರುತ್ತದೆ, ಏನೂ ಬದಲಾಗುವುದಿಲ್ಲ. ಅಂದರೆ ಮೂವರಿದ್ದರೂ ಜಗಳದ ವಿಷಯ ಎರಡೇ. ಮೂರನೆಯದು ಮೂವರಿಗೂ ಸಮನಾದ ಏರಿಕೆ.

ಬಣ್ಣದಲ್ಲೂ ಅಷ್ಟೇ. ಆ ಮೂರು ಜೋಡಿಗಳನ್ನು ಬೇರೆ ಬೇರೆ ರೀತಿ ಬೆರೆಸಿದಾಗ, ಬಣ್ಣಕ್ಕೂ ಬಣ್ಣಕ್ಕೂ ಭೇದ ತೋರಿಸುವ ಎರಡು ಮಿಶ್ರಣ ಸಿಗುತ್ತವೆ. ಮೂರನೆಯದು ಮೂರನ್ನೂ ಸಮಸಮ ಕೂಡಿದ್ದು. ಅದು ಅಪ್ಪಟ ಬಿಳಿ, ಅದಕ್ಕೆ ಬಣ್ಣವೇ ಇಲ್ಲ. ಆರು ಮತ್ತು ಎರಡು, ಎಂಟು.

ಆ ಒಂಬತ್ತನೆಯದು ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುವುದು ನನಗೆ ತುಂಬಾ ಇಷ್ಟ. ಬಣ್ಣ ಇಲ್ಲದ್ದರಿಂದ ಅದನ್ನು ಪ್ರೋಟಾನಿನೊಳಗೆ ಯಾರೂ ಕಟ್ಟಿಹಾಕುತ್ತಿರಲಿಲ್ಲ. ಬೆಳಕಿನ ಹಾಗೆ ಎಷ್ಟು ದೂರ ಬೇಕಾದರೂ ಹೋಗುತ್ತಿತ್ತು. ಎಲ್ಲ ಪ್ರೋಟಾನ್, ಎಲ್ಲ ನ್ಯೂಟ್ರಾನ್ ಒಂದನ್ನೊಂದು ದೂರದಿಂದಲೇ ತಳ್ಳುತ್ತಿದ್ದವು, ಅದೂ ಗುರುತ್ವಕ್ಕಿಂತ ಎಷ್ಟೋ ಪಟ್ಟು ಬಲವಾಗಿ. ನಮ್ಮ ಅಂತರಗಂಗೆ ಬೆಟ್ಟದ ಬಂಡೆಗಳು ಹೀಗೆ ಒಂದರ ಮೇಲೊಂದು ಕೂತಿರುತ್ತಿರಲಿಲ್ಲ. ಭೂಮಿಯೇ ಒಟ್ಟಾಗುತ್ತಿರಲಿಲ್ಲ. ಗಣಿತಕ್ಕೆ ಒಂಬತ್ತೂ ಒಪ್ಪಿಗೆ, ಎಂಟೂ ಒಪ್ಪಿಗೆ. ಎಂಟು ಅಂತ ಹೇಳುತ್ತಿರುವುದು ನಮ್ಮ ಕಾಲ ಕೆಳಗಿನ ಗಟ್ಟಿ ನೆಲ. ಹಾಗಾಗಿ ಮಗಳಿಗೆ ಹೇಳಿ: ನಿನ್ನ ಗುಣಾಕಾರ ತಪ್ಪಿಲ್ಲ, ಒಂಬತ್ತನೆಯದನ್ನು ಲೋಕ ಇಟ್ಟುಕೊಂಡಿಲ್ಲ.

ಕ್ವಾರ್ಕ್ ಹೊರಗೆ ಯಾಕೆ ಬರಲ್ಲ ಅನ್ನುವುದಕ್ಕೆ ಬರೋಣ. ಇವತ್ತು ರಾತ್ರಿ ಕರೆಂಟ್ ಹೋದಾಗ ಎರಡು ಟಾರ್ಚ್ ಬೆಳಕನ್ನು ಒಂದಕ್ಕೊಂದು ಅಡ್ಡ ಬಿಟ್ಟು ನೋಡಿ. ಒಂದರೊಳಗೆ ಒಂದು ತೂರಿ ಸುಮ್ನೆ ಹೋಗಿಬಿಡುತ್ತವೆ, ಅಲ್ವಾ? ಫೋಟಾನಿಗೆ ಚಾರ್ಜ್ ಇಲ್ಲ, ಇನ್ನೊಂದು ಫೋಟಾನಿನ ಗೊಡವೆ ಅದಕ್ಕೆ ಬೇಡ. ಗ್ಲೂವಾನಿಗೆ ಬಣ್ಣ ಇದೆ. ಹಾಗಾಗಿ ಒಂದು ಗ್ಲೂವಾನ್ ಇನ್ನೊಂದನ್ನು ಹಿಡಿದೆಳೆಯುತ್ತದೆ. ವಿದ್ಯುತ್ ಚಾರ್ಜಿನ ಬಲ ನಾಲ್ಕೂ ಕಡೆ ಹರಡುತ್ತಾ ತೆಳುವಾಗುತ್ತದೆ, ದೂರ ಎರಡು ಪಟ್ಟಾದರೆ ಬಲ ಕಾಲು ಭಾಗ. ಬಣ್ಣದ ಬಲ ಹರಡುವುದಿಲ್ಲ. ಗ್ಲೂವಾನ್‌ಗಳು ತಮ್ಮತಮ್ಮಲ್ಲೇ ಎಳೆದುಕೊಂಡು, ಎರಡು ಕ್ವಾರ್ಕ್‌ಗಳ ನಡುವೆ ಹಗ್ಗದ ಹಾಗೆ ಹೊಸೆದುಕೊಳ್ಳುತ್ತವೆ. ಎಷ್ಟು ದೂರ ಎಳೆದರೂ ಹಗ್ಗದ ಬಿಗಿ ಕಡಿಮೆಯಾಗುವುದಿಲ್ಲ.

ಆ ಬಿಗಿ ಎಷ್ಟು ಗೊತ್ತಾ? ಸುಮಾರು 15 ಟನ್ ತೂಕದ ಎಳೆತ. ಕೋಲಾರ ಎಪಿಎಂಸಿಯಲ್ಲಿ ಹರಾಜಾಗುವ ಟೊಮೆಟೊ ಬಾಕ್ಸ್ 15 ಕೆಜಿ, ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥ ಸಾವಿರ ಬಾಕ್ಸ್ ಒಂದು ಕೊಕ್ಕೆಗೆ ತೂಗುಹಾಕಿದರೆ ಆಗುವ ಎಳೆತ. ಬೆಳಗಿನ ಜಾವ ಮಂಡಿಯಲ್ಲಿ ಲಾರಿಗೆ ಲೋಡ್ ಆಗುವಾಗ ಹಮಾಲರು ಒಂದೊಂದೇ ಬಾಕ್ಸ್ ಎತ್ತಿ ಒಗೆಯುವುದನ್ನು ನೋಡಿದ್ದೀರಿ. ಲಾರಿ ತುಂಬಿ ಸ್ಪ್ರಿಂಗ್ ಪಟ್ಟಿ ಕೆಳಗೆ ಕೂತುಬಿಡುತ್ತದಲ್ಲ, ಹೆಚ್ಚುಕಡಿಮೆ ಅಷ್ಟು ಭಾರ. ಅಷ್ಟೂ ಎಳೆತ ಎರಡು ಕ್ವಾರ್ಕ್‌ಗಳ ನಡುವೆ, ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನ ಜಾಗದಲ್ಲಿ! ಆ ಒಂದು ಪಾಲಿಗೆ ಫೆಮ್ಟೋಮೀಟರ್ ಅನ್ನುತ್ತಾರೆ. ಈ ವಿಷಯ ಮೊದಲು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಬಲ ಹಾಕಿ ಎಳೆದೇಬಿಡೋಣ ಅಂತೀರಾ? ಎಳೆಯಬಹುದು. ಆದರೆ ಎಳೆಯಲು ಹಾಕಿದ ಶಕ್ತಿ ಹಗ್ಗದಲ್ಲೇ ಕೂಡುತ್ತಾ ಹೋಗುತ್ತದೆ. ಒಂದು ಫೆಮ್ಟೋಮೀಟರ್ ಎಳೆಯುವಷ್ಟರಲ್ಲಿ ಅದು ಒಂದು ಇಡೀ ಪ್ರೋಟಾನ್ ಹುಟ್ಟಿಸಲು ಬೇಕಾಗುವಷ್ಟು ಶಕ್ತಿಯ ಹತ್ತಿರ ಬಂದಿರುತ್ತದೆ. ಶಕ್ತಿ ಇದ್ದರೆ ಕಣ ಹುಟ್ಟುತ್ತದೆ, ಐನ್‌ಸ್ಟೈನ್ ಸೂತ್ರ ನಿಮ್ಮ ಮಗಳಿಗೆ ಗೊತ್ತು. ಹಗ್ಗ ಪಟ್ಟನೆ ತುಂಡಾಗಿ, ತುಂಡಾದ ಕಡೆ ಹೊಸದಾಗಿ ಒಂದು ಕ್ವಾರ್ಕ್, ಒಂದು ಆಂಟಿಕ್ವಾರ್ಕ್ ಹುಟ್ಟುತ್ತವೆ. ನೀವು ಎಳೆದ ಕ್ವಾರ್ಕ್ ಕೈಗೆ ಬರುವ ಹೊತ್ತಿಗೆ ಜೊತೆಗಾರನನ್ನು ಕಟ್ಟಿಕೊಂಡೇ ಬಂದಿರುತ್ತದೆ. ದನ ಕಟ್ಟುವ ಹಗ್ಗವನ್ನು ಕೊಯ್ದು ಒಂದೇ ತುದಿಯ ಹಗ್ಗ ಮಾಡಲು ಆಗುತ್ತದಾ? ಹಾಗೇ ಇದು.

ದೊಡ್ಡ ಯಂತ್ರಗಳಲ್ಲಿ ಇದು ಕಣ್ಣಿಗೆ ಕಾಣುವಂತೆ ದಾಖಲಾಗುತ್ತದೆ. ಕ್ವಾರ್ಕ್ ಓಡಿದ ದಿಕ್ಕಿಗೆ ಕಣಗಳ ಒಂದು ಚಿಮ್ಮು ಹೊರಡುತ್ತದೆ. ಎರಡು ಕ್ವಾರ್ಕ್ ಎದುರುಬದುರು ಓಡಿದರೆ ಎರಡು ಚಿಮ್ಮು. 1979ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಡೆಸಿ ಪ್ರಯೋಗಾಲಯದ ಪೆಟ್ರಾ ಯಂತ್ರದಲ್ಲಿ ಮೂರು ಚಿಮ್ಮುಗಳು ಕಂಡವು. ಮೂರನೆಯದು ಓಡುತ್ತಿದ್ದ ಕ್ವಾರ್ಕ್ ಬಿಟ್ಟ ಗ್ಲೂವಾನಿನದು. ಗ್ಲೂವಾನ್ ಕಾಗದದಿಂದ ಇಳಿದು ಪ್ರಯೋಗಾಲಯಕ್ಕೆ ಬಂದದ್ದು ಅವತ್ತು.

ಇನ್ನೊಂದು ವಿಚಿತ್ರ ಇದೆ. ದೂರ ಎಳೆದಾಗ ಇಷ್ಟು ಬಿಗಿಯುವ ಈ ಬಲ, ಕ್ವಾರ್ಕ್‌ಗಳು ತೀರಾ ಹತ್ತಿರ ಇದ್ದಾಗ ಸಡಿಲ. ಬಿಗಿಯಾದ ಕುಣಿಕೆ ಇಲ್ಲ, ಹತ್ತಿರದಲ್ಲಿ ಆರಾಮಾಗಿ ಓಡಾಡುತ್ತವೆ. ಇದೂ ಗ್ಲೂವಾನ್ ಬಣ್ಣ ಹೊತ್ತಿರುವುದರ ಫಲವೇ. ಗ್ರಾಸ್, ವಿಲ್ಚೆಕ್, ಪೊಲಿಟ್ಜರ್ 1973ರಲ್ಲಿ ಲೆಕ್ಕ ಮಾಡಿ ತೋರಿಸಿದರು, 2004ರಲ್ಲಿ ನೊಬೆಲ್ ಬಂತು. ಆದರೆ ದೂರದ ಬಿಗಿಯನ್ನು, ಕ್ವಾರ್ಕ್ ಎಂದೂ ಒಂಟಿಯಾಗಿ ಬಾರದು ಅನ್ನುವುದನ್ನು, ಪೂರ್ತಿ ಗಣಿತದಿಂದ ಇನ್ನೂ ಯಾರೂ ಸಾಧಿಸಿಲ್ಲ. ಕಂಪ್ಯೂಟರ್ ಲೆಕ್ಕಗಳು ಹೌದು ಅನ್ನುತ್ತವೆ, ಪ್ರಯೋಗಗಳೂ ಹೌದು ಅನ್ನುತ್ತವೆ. ಇದಕ್ಕೆ ಅಂಟಿಕೊಂಡೇ ಇರುವ ಒಂದು ಗಣಿತದ ಸಮಸ್ಯೆಗೆ ಕ್ಲೇ ಗಣಿತ ಸಂಸ್ಥೆ 2000ನೇ ಇಸವಿಯಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಅದು ಇನ್ನೂ ಯಾರಿಗೂ ಸಂದಿಲ್ಲ. ಗಣಿತ ಇಷ್ಟಪಡುವ ಹುಡುಗಿಗೆ ಇದನ್ನು ಹೇಳದೆ ಇರಬಾರದು.

ನಿಮ್ಮ ಟೊಮೆಟೊ ಬಾಕ್ಸಿಗೆ ಇನ್ನೊಂದು ಸಲ ಬರುತ್ತೇನೆ. ಪ್ರೋಟಾನಿನ ತೂಕ, ಕಣ ವಿಜ್ಞಾನಿಗಳ ಅಳತೆಯಲ್ಲಿ, 938. ಒಳಗಿನ ಮೂರು ಕ್ವಾರ್ಕ್‌ಗಳ ಸ್ವಂತ ತೂಕ ಕೂಡಿದರೆ ಸುಮಾರು 9. ನೂರಕ್ಕೆ ಒಂದು! ಉಳಿದದ್ದು ಗ್ಲೂವಾನ್‌ಗಳ ಶಕ್ತಿ, ಕ್ವಾರ್ಕ್‌ಗಳ ಓಡಾಟದ ಶಕ್ತಿ. ಅಂದರೆ ತಕ್ಕಡಿಗೆ ಇಟ್ಟ 15 ಕೆಜಿ ಬಾಕ್ಸಿನಲ್ಲಿ ಕ್ವಾರ್ಕ್‌ಗಳ ಸ್ವಂತ ತೂಕ 150 ಗ್ರಾಂ ಚಿಲ್ಲರೆ. ಮಿಕ್ಕ ಹದಿನಾಲ್ಕೂ ಮುಕ್ಕಾಲು ಕೆಜಿ ಈ ಬಣ್ಣದ ಹಗ್ಗಜಗ್ಗಾಟದ್ದು. ಗ್ಲೂವಾನಿಗೆ ಸ್ವಂತ ತೂಕವೇ ಇಲ್ಲ ಅನ್ನುವುದನ್ನೂ ಇದರ ಜೊತೆ ಇಟ್ಟು ನೋಡಿ. ತೂಕವಿಲ್ಲದ್ದು ಸೇರಿ ತೂಕ ಕೊಡುತ್ತಿದೆ.

ಈಗ ಕೆಜಿಎಫ್. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಪಾಠದಲ್ಲೇ ಇರಬೇಕಿತ್ತು ಅಂತ ನನ್ನ ಆಸೆ. ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮೇಲಿನ ಬಂಡೆಯನ್ನೇ ಕೊಡೆಯಾಗಿ ಹಿಡಿದು, ಆಕಾಶದಿಂದ ಸುರಿಯುವ ಕಣಗಳ ಗದ್ದಲ ತಪ್ಪಿಸಿ ಅಲ್ಲಿ ಪ್ರಯೋಗ ಮಾಡಿದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ, ಅಂದರೆ ಚಾರ್ಜ್ ಇಲ್ಲದ, ಬಂಡೆಯೊಳಗೂ ತೂರಿ ಹೋಗುವ ತೀರಾ ಹಗುರ ಕಣ, ಅಲ್ಲಿ ಸಿಕ್ಕಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಸೇರಿ ಮಾಡಿದ ಕೆಲಸ. ಪ್ರೋಟಾನ್ ಒಡೆಯುತ್ತಾ ಅಂತ ಕಾದದ್ದು ಆಮೇಲೆ, 1980ರ ದಶಕದಲ್ಲಿ, 140 ಟನ್ ಕಬ್ಬಿಣದ ಉಪಕರಣ ಇಟ್ಟುಕೊಂಡು.

ಬಣ್ಣಕ್ಕೂ ಇದಕ್ಕೂ ಸಂಬಂಧ ಖಂಡಿತ ಇದೆ. ಗ್ಲೂವಾನ್ ಕ್ವಾರ್ಕಿನ ಬಣ್ಣ ಮಾತ್ರ ಬದಲಾಯಿಸುತ್ತದೆ, ಕ್ವಾರ್ಕನ್ನು ಎಲೆಕ್ಟ್ರಾನಿನ ಜಾತಿಗೆ ಸೇರಿಸುವ ತಾಕತ್ತು ಅದಕ್ಕಿಲ್ಲ. ಹಾಗಾಗಿ ಗ್ಲೂವಾನಿನಿಂದ ಪ್ರೋಟಾನ್ ಒಡೆಯುವುದಿಲ್ಲ. ಆದರೆ 1970ರ ದಶಕದಲ್ಲಿ ಒಡಿಶಾ ಮೂಲದ ಜೋಗೇಶ್ ಪತಿ ಮತ್ತು ಪಾಕಿಸ್ತಾನದ ಅಬ್ದುಸ್ ಸಲಾಂ ಒಂದು ಪ್ರಶ್ನೆ ಎತ್ತಿದರು. ಎಲೆಕ್ಟ್ರಾನ್, ನ್ಯೂಟ್ರಿನೋಗಳು ಬೇರೆ ಜಾತಿಯವೇ ಅಲ್ಲದಿದ್ದರೆ? ಅವು ನಾಲ್ಕನೇ ಬಣ್ಣ ಆಗಿದ್ದರೆ? ಆಗ ಕ್ವಾರ್ಕ್ ತನ್ನ ಬಣ್ಣ ಬಿಟ್ಟು ಆ ನಾಲ್ಕನೇ ಬಣ್ಣಕ್ಕೆ ಜಾರಬಹುದು, ಪ್ರೋಟಾನ್ ಕರಗಬಹುದು. 1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ಒಂದು ಪ್ರೋಟಾನ್ ಒಡೆಯಲು 1ರ ಮುಂದೆ 30 ಸೊನ್ನೆ ಇಡುವಷ್ಟು ವರ್ಷ, ಅಥವಾ ಅದರ ಹತ್ತಿಪ್ಪತ್ತು ಪಟ್ಟು, ಬೇಕು ಅಂತ ಲೆಕ್ಕ ಬಂತು.

ಅಷ್ಟು ವರ್ಷ ಯಾರು ಕಾಯುತ್ತಾರೆ ಅಂತೀರಾ? ಒಂದನ್ನೇ ಕಾಯಬೇಕಿಲ್ಲ. 140 ಟನ್ ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಎಲ್ಲ ಸೇರಿ 8ರ ಮುಂದೆ 31 ಸೊನ್ನೆ ಇಡುವಷ್ಟಿವೆ. ಆಯುಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷ ಅಂತ ಇಟ್ಟುಕೊಂಡರೆ, ವರ್ಷಕ್ಕೆ ಏಳೆಂಟಾದರೂ ಒಡೆಯಬೇಕು. ಆ ಬಿಸಿ ಸುರಂಗದಲ್ಲಿ, ಭೂಮಿಯೊಳಗೆ ಅಷ್ಟು ಆಳದಲ್ಲಿ, ಅವರು ಕಾದದ್ದು ಆ ಏಳೆಂಟಕ್ಕೆ. ಕೆಲವು ಗುರುತುಗಳು ಪ್ರೋಟಾನ್ ಒಡೆದದ್ದೇ ಇರಬಹುದು ಅಂತ ತಂಡ ವರದಿಯನ್ನೂ ಮಾಡಿತ್ತು. ಅಮೆರಿಕ, ಜಪಾನಿನ ದೊಡ್ಡ ದೊಡ್ಡ ನೀರಿನ ತೊಟ್ಟಿಗಳಲ್ಲಿ ಹುಡುಕಿದಾಗ ಅದು ದೃಢಪಡಲಿಲ್ಲ. ಆಮೇಲೆ ಕೆಜಿಎಫ್ ಪ್ರಯೋಗ ನಿಂತಿತು, 2001ರಲ್ಲಿ ಗಣಿಯೂ ಮುಚ್ಚಿತು.

ಹುಡುಕಾಟ ಈಗ ಜಪಾನಿನ ಸೂಪರ್ ಕಾಮಿಯೋಕಾಂಡೆಯಲ್ಲಿ ನಡೆಯುತ್ತಿದೆ. ಬೆಟ್ಟದ ಹೊಟ್ಟೆಯಲ್ಲಿ 50 ಸಾವಿರ ಟನ್ ಶುದ್ಧ ನೀರು, ಸುತ್ತ ಬೆಳಕು ಹಿಡಿಯುವ ಸಾವಿರಾರು ಗಾಜಿನ ಬುರುಡೆ. ಇಲ್ಲಿಯವರೆಗೆ ಒಂದು ಪ್ರೋಟಾನೂ ಒಡೆದದ್ದು ಕಂಡಿಲ್ಲ. ಒಡೆಯುವುದಾದರೆ 1ರ ಮುಂದೆ 34 ಸೊನ್ನೆಗಿಂತ ಜಾಸ್ತಿ ವರ್ಷ ಬೇಕು ಅಂತ ಈಗಿನ ಲೆಕ್ಕ. ನಾಲ್ಕನೇ ಬಣ್ಣ ಇದೆಯೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ.